ಹೊಳೆಗೆ ದೋಣಿ ಬಿಟ್ಟವಳು

ಆಕೆ ಮುತ್ತೈದೆಯಾಗಿ ಹೋದಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ತಲೆಯ ಹತ್ತಿರ ಗಂಡ ಕುಳಿತು ಅಳುತ್ತಿದ್ದ. ಊರ ಹೆಂಗಸರು ಸಾಲಾಗಿ ಬಂದು ಆಕೆಯ ಕಾಲು ಮುಟ್ಟಿ, ಆಕೆಯ ಹಣೆಯ ಕುಂಕುಮವನ್ನೇ ಚೂರು ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು. ಅಂಥ ಸಾವು ನಮಗೂ ಬರಲಿ ಎಂಬ ಆಸೆ ಎಲ್ಲರದು. ನಾನೂ ಹಚ್ಚಿಕೊಂಡೆ. ಹಚ್ಚಿಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಬಂದ ಮಾತು ಇಷ್ಟೇ: ಇದನ್ನೂ ನೀನೇ ತಗೊಂಡೆಯಲ್ಲ, ತಂಗಿ.

ತವರೂರಿನ ಮಠದಲ್ಲಿ ಅಯ್ಯನವರು ನನಗೆ ನಾಲ್ಕು ಅಕ್ಷರ ಕಲಿಸಿದರು. ಅಂಬಿಗರ ಮನೆಯ ಹುಡುಗಿಗೆ ಅದೇ ದೊಡ್ಡ ಪುಣ್ಯ. ಆ ಅಕ್ಷರದಲ್ಲಿ ಇಲ್ಲಿಯವರೆಗೆ ದೇವರ ಹಾಡುಗಳನ್ನು ಮಾತ್ರ ಬರೆದುಕೊಂಡಿದ್ದೆ. ಈಗ ಆಕೆಯ ಬಗ್ಗೆ ಬರೆಯುತ್ತಿದ್ದೇನೆ. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬದುಕಿದ್ದಾಗ ಇತ್ತು, ಈಗಲೂ ಇದೆ. ಸತ್ತವರ ಮೇಲೆ ಕಿಚ್ಚು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಆಕೆ ಸಾಯುವುದರಲ್ಲೂ ನನ್ನನ್ನು ಹಿಂದೆ ಹಾಕಿ ಹೋದಮೇಲೆ ನಾನೇನು ಮಾಡಲಿ?

ಹೊಳೆಮಣ್ಣೂರಿನಲ್ಲಿ ದೋಣಿ ಹಾಯಿಸುವ ಮನೆಗಳು ಎರಡೇ. ಹೊಳೆಗೆ ಇಳಿಯುವ ಓಣಿಯಲ್ಲಿ ನಮ್ಮದು ಬಲಕ್ಕೆ, ಅವರದು ಎಡಕ್ಕೆ, ಬಾಗಿಲಿಗೆ ಬಾಗಿಲು. ಓಣಿ ಎಷ್ಟು ಸಣ್ಣದೆಂದರೆ ಕೊಡ ಹೊತ್ತ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಲೇಬೇಕು. ನಮ್ಮದು ಹಿರಿಯ ಮನೆ, ಅವರದು ಕಿರಿಯ ಮನೆ. ಸರಿಯಬೇಕಾದವಳು ಆಕೆ. ಆಕೆ ಸರಿಯುತ್ತಿದ್ದಳು, ಗೋಡೆಗೆ ಬೆನ್ನು ಹಚ್ಚಿ ನಿಂತು, "ಅಕ್ಕಾ, ಕೊಡಾ ಭಾಳ ತುಂಬೀದಿ, ಸೊಂಟಾ ಮುರಕೊಂಡಿ," ಎಂದು ನಗುತ್ತಿದ್ದಳು. ಸರಿದವಳೇ ನಕ್ಕುಬಿಟ್ಟರೆ ಸರಿಸಿದವಳಿಗೆ ಏನು ಸುಖ?

ಎರಡು ಮನೆಗೆ ಎರಡು ಮರದ ದೋಣಿ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಹೊಳೆ ನಮ್ಮದು, ಆಮೇಲೆ ಅವರದು. ಬಾದಾಮಿ ಕಡೆಯಿಂದ ರೋಣದ ಪೇಟೆಗೆ ಹತ್ತಿ, ಜೋಳ ತರುವವರು, ಈ ಕಡೆಯಿಂದ ಬನಶಂಕರಿಗೆ ನಡೆಯುವವರು, ಎಲ್ಲರೂ ನಮ್ಮ ಎರಡು ಮನೆಯವರ ಕೈಯಿಂದಲೇ ದಾಟಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರೈತರು ಅಂಬಿಗನ ಪಾಲಿನ ಕಾಳನ್ನು ಉಡಿಗೆ ಹಾಕುತ್ತಾರೆ. ಅದು ದೋಣಿ ಇದ್ದವನಿಗೆ. ದೋಣಿ ಇಲ್ಲದ ಅಂಬಿಗ ಕಣದಲ್ಲಿ ನಿಂತರೆ ಬೇಡಲು ಬಂದವನಂತೆ ಕಾಣುತ್ತಾನೆ. ನಮ್ಮ ಬದುಕೆಲ್ಲ ಆ ಮರದ ಹಲಗೆಗಳ ಮೇಲೆ ನಿಂತಿತ್ತು.

ನೋಡಲಿಕ್ಕೆ ಆಕೆ ಚೆಲುವೆಯೇನಲ್ಲ. ಕಪ್ಪು, ಎತ್ತರ, ಹಲ್ಲು ತುಸು ಮುಂದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ ಇಲ್ಲ. ಗಾಳಿ ಬಿಟ್ಟರೆ ಸೆರಗು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ, ಆಕೆ ಅದರ ಬೆನ್ನು ಹತ್ತುತ್ತಲೂ ಇರಲಿಲ್ಲ. ಆಕೆಯ ರೊಟ್ಟಿ ದಪ್ಪ, ಅಂಚು ಸೀಳಿದ್ದು, ಒಂದು ಮಗ್ಗುಲು ಕರಿ. ನನ್ನ ರೊಟ್ಟಿ ಎಲೆಯ ಹಾಗೆ ತೆಳ್ಳಗೆ. ನಾನೇ ಹೇಳಿಕೊಳ್ಳಬಾರದು, ಊರವರು ಹೇಳುತ್ತಾರೆ. ಇಷ್ಟಾದರೂ ನಮ್ಮ ಮನೆಯವರು ಒಂದು ದಿನ ಅವರ ಮನೆಯಲ್ಲಿ ಉಂಡು ಬಂದವರು, ಹಲ್ಲು ಚುಚ್ಚಿಕೊಳ್ಳುತ್ತ, "ರೊಟ್ಟಿ ಅಂದ್ರ ಅದ ನೋಡು. ಹಲ್ಲಿಗೆ ಒಂದೀಟು ಕೆಲಸಾ ಕೊಡತೈತಿ," ಎಂದರು. ಮರುದಿನ ನಾನು ಅವರಿಗೆ ಬಡಿದ ರೊಟ್ಟಿ ಕೊರಡಿನ ಹಾಗಿತ್ತು. ಅವರು ಅದನ್ನೂ ಉಂಡು ಎದ್ದರು. ಒಳ್ಳೆಯ ಮನುಷ್ಯ. ಅಷ್ಟರ ಮಟ್ಟಿಗೆ ನನ್ನ ಮೇಲೆ ದೇವಿಯ ಕಣ್ಣು ಇದೆ.

ದೇವರು ನನಗೆ ಮಕ್ಕಳನ್ನು ಕೊಟ್ಟ, ಆಕೆಗೆ ಕೊಡಲಿಲ್ಲ. ಅದನ್ನು ನೋಡಿ ಆಕೆಗೆ ನನ್ನ ಮೇಲೆ ಕಿಚ್ಚು ಇರಬೇಕಾಗಿತ್ತು, ನ್ಯಾಯವಾಗಿ. ಆದದ್ದು ಬೇರೆ. ನನ್ನ ಕಿರಿಮಗಳಿಗೆ ಜ್ವರ ಬಂದಾಗ ಕೂಸು ನನ್ನ ತೊಡೆಯ ಮೇಲೆ ಚೀರಿತು, ಆಕೆಯ ತೊಡೆಯ ಮೇಲೆ ಮಲಗಿತು. ನಾನು ಯಲ್ಲಮ್ಮನಿಗೆ ಹರಕೆ ಹೊತ್ತೆ, ಬನಶಂಕರಿಗೆ ಹೊತ್ತೆ, ಹನುಮಪ್ಪನಿಗೆ ಎಣ್ಣೆ ಕೊಟ್ಟೆ. ಆಕೆ ಯಾವ ಹರಕೆಯನ್ನೂ ಹೊರಲಿಲ್ಲ. ಬೀಸುವ ಕಲ್ಲಿನ ಒಂದು ಹಾಡನ್ನು ನಡುವಿನಿಂದ ಹಾಡಿದಳು. ಯಾವ ಹಾಡಿನ ಮೊದಲೂ ಆಕೆಗೆ ನೆನಪಿರುತ್ತಿರಲಿಲ್ಲ. ಜ್ವರ ಬಿಟ್ಟಿತು. ನಾನು ಸವದತ್ತಿಯವರೆಗೆ ಬರಿಗಾಲಲ್ಲಿ ನಡೆದು ಹರಕೆ ತೀರಿಸಿ ಬಂದೆ. ಮಗಳು ಮಾತ್ರ, "ಚಿಗವ್ವ ಹಾಡಿದ್ಲು, ನನ್ನ ಜ್ವರಾ ಓಡಿ ಹೋತು," ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿತು.

ನಾನು ಶುಕ್ರವಾರ ಒಪ್ಪತ್ತು. ನನ್ನನ್ನು ನೋಡಿ ಆಕೆಯೂ ಹಿಡಿದಳು. ಒಂದು ಶುಕ್ರವಾರ ಸಂಜೆ ನೋಡುತ್ತೇನೆ, ಹೊಸ್ತಿಲ ಮೇಲೆ ಕುಳಿತು ಬಾರಿಹಣ್ಣು ತಿನ್ನುತ್ತಿದ್ದಾಳೆ.

"ಏ, ಇವತ್ತ ವಾರ ಯಾವುದು?" ಎಂದೆ.

ಬಾಯಲ್ಲಿದ್ದ ಬೀಜ ಉಗುಳಿ ಹಣೆ ಬಡಿದುಕೊಂಡಳು. "ಅಯ್ಯ ಮರ್ತೆ ನೋಡಕ್ಕಾ! ಇರಲಿ, ಅವ್ವಗ ಗೊತ್ತೈತಿ ನಾ ಮರಗುಳಿ ಅಂತ. ಬಾ, ನಿನಗ ನಾಳಿಗಿ ನಾಲ್ಕು ತಗದಿಡತೀನಿ."

ದೇವಿಯ ಹೆಸರಿನಲ್ಲಿ ತನ್ನ ತಪ್ಪನ್ನು ತಾನೇ ಮನ್ನಿಸಿಕೊಂಡು ಇನ್ನೊಂದು ಹಣ್ಣು ಬಾಯಿಗೆ ಹಾಕಿಕೊಂಡಳು. ನನಗೆ ಹಸಿವಾಗಿತ್ತು.

ಹೊಳೆಯ ಜೊತೆ ಮಾತಾಡುವುದೂ ಒಂದು ರೂಢಿ. ಮಳೆಗಾಲದ ಮೊದಲ ಕೆಂಪು ನೀರು ಬಂದಾಗ ನಾವೆಲ್ಲ ಹೆದರಿ ಕೈ ಮುಗಿದು ನಿಲ್ಲುತ್ತಿದ್ದೆವು. ಆಕೆ ದಂಡೆಯ ಮೇಲೆ ನಿಂತು, "ಬಂದೇನವಾ? ಸಾವಕಾಶ ಬಾ, ಮನಿಮಂದಿ ಇನ್ನೂ ಎದ್ದಿಲ್ಲ," ಎನ್ನುತ್ತಿದ್ದಳು. ತವರಿಗೆ ಬಂದ ಗೆಳತಿಯನ್ನು ಮಾತಾಡಿಸುವ ಹಾಗೆ. ನಾನು ವರ್ಷವಿಡೀ ದೀಪ ಹಚ್ಚಿದರೂ ಹೊಳೆಯ ಜೊತೆ ನನಗೆ ಅಷ್ಟು ಸಲಿಗೆ ಬರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ರೈತರು ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಹಾಕುತ್ತಾರಲ್ಲ, ನಾವು ದೋಣಿಗೆ ಹಾಕುತ್ತೇವೆ. ಪುಂಡಿ ನಾರನ್ನು ಮನೆಯ ಹೆಂಗಸರೇ ಹೊಸೆದು ಹಗ್ಗ ಮಾಡಬೇಕು. ಆಮೇಲೆ ಮಳೆ ಹಿಡಿದು, ಹೊಳೆ ಏರಿ, ದೋಣಿ ಹಾಯಿಸುವುದು ನಿಂತ ದಿನ ಅಂಬಿಗನ ಹೆಂಡತಿ ತಲೆಗೆ ನೀರು ಹಾಕಿಕೊಂಡು ಹೋಗಿ, ದಂಡೆಯ ಕಲ್ಲುಕಂಬಕ್ಕೆ ಗಂಡನ ದೋಣಿಯನ್ನು ತನ್ನ ಕೈಯಾರೆ ಕಟ್ಟಿ, ಗಂಟಿಗೆ ಕುಂಕುಮ ಹಚ್ಚಿ ಬರುತ್ತಾಳೆ. ನೀರು ಇಳಿದು, ಹೊಳೆಗೆ ಖಣ, ಬಳೆ, ಅಕ್ಕಿ, ಬೆಲ್ಲ ಕೊಟ್ಟು ಉಡಿ ತುಂಬುವವರೆಗೆ ಆ ಗಂಟನ್ನು ಯಾರೂ ಬಿಚ್ಚುವಂತಿಲ್ಲ. ಅದು ಗಂಡನ ಆಯುಷ್ಯದ ಗಂಟು. ಬಿಚ್ಚಿದವಳು ತನ್ನ ತಾಳಿಯನ್ನೇ ಹೊಳೆಗೆ ಎಸೆದಂತೆ. ನಮ್ಮ ಅತ್ತೆ ನನಗೆ ಹೇಳಿದ್ದು ಇದು, ಅವರಿಗೆ ಅವರ ಅತ್ತೆ ಹೇಳಿದ್ದು.

ಹಗ್ಗ ಗಿಡ್ಡ ಇರಬೇಕು, ಗಂಟು ಬಿಗಿ ಇರಬೇಕು. ಸಡಿಲ ಕಟ್ಟಿದವಳಿಗೆ ಗಂಡನ ಮೇಲೆ ಅಷ್ಟೇ ಮಮತೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಅತ್ತೆ ಎರಡೂ ಕಂಬಗಳ ಹತ್ತಿರ ಹೋಗಿ ಹಗ್ಗ ಜಗ್ಗಿ ನೋಡುವವರು. ನನ್ನ ಗಂಟಿಗೆ ತಲೆದೂಗಿ, ಆಕೆಯ ಗಂಟಿನ ಮುಂದೆ ನಿಂತು, "ಏನ ಇದು? ಕೂಸಿಗೆ ಲಂಗೋಟಿ ಕಟ್ಟಿದಂಗ ಕಟ್ಟೀದಿ!" ಎನ್ನುತ್ತಿದ್ದರು.

"ಬಿಗಿ ಕಟ್ಟಿದ್ರ ಅದಕ್ಕ ಉಸರ ಹಿಡೀತೈತ್ರಿ ಅತ್ತೀ," ಎಂದು ಆಕೆ ನಗುವಳು.

"ಉಸರ ಹಿಡ್ಯಾಕ ಅದೇನ ಮನಷ್ಯಾ ಏನ?"

ವರ್ಷದಲ್ಲಿ ಆ ಒಂದು ದಿನ ನಾನು ಆಕೆಗಿಂತ ಮೇಲೆ. ಆ ದಿನಕ್ಕಾಗಿ ಕಾಯುತ್ತಿದ್ದೆ.

ನರಗುಂದದಲ್ಲಿ ದಂಗೆಯಾಗಿ ಆ ಕಡೆಯಿಂದ ತೋಪಿನ ಸದ್ದು ಕೇಳಿಬಂತಲ್ಲ, ಅದಕ್ಕೂ ಹಿಂದಿನ ಒಂದು ಮಳೆಗಾಲ. ನಮ್ಮೂರಲ್ಲಿ ಒಂದು ಹನಿ ಇಲ್ಲ, ಬಿಸಿಲು ಸುಡುತ್ತಿತ್ತು. ಮೇಲೆ ಎಲ್ಲೋ ಘಟ್ಟದಲ್ಲಿ ಸುರಿದ ಮಳೆ ಹೊಳೆಯಲ್ಲಿ ಬಂತು. ದೋಣಿ ಹಾಯಿಸುವುದು ನಿಂತಿತು, ನಾವಿಬ್ಬರೂ ಹೋಗಿ ಕಟ್ಟಿ ಬಂದೆವು. ಪ್ರತಿ ವರ್ಷ ಹೊಳೆ ಒಂದು ಮೊಳ ಏರಿ ಒಂದು ಮೊಳ ಇಳಿಯುತ್ತದೆ, ಗಿಡ್ಡ ಹಗ್ಗಕ್ಕೆ ಅದು ಏನೂ ಅಲ್ಲ. ಆ ವರ್ಷ ಅದು ನಿಲ್ಲಲೇ ಇಲ್ಲ. ಬೆಳಗಾಗುವಾಗ ನೀರು ಓಣಿಯ ಬಾಯಿಗೆ ಬಂದಿತ್ತು. ಆಕಳು, ಎಮ್ಮೆಗಳ ಕಣ್ಣಿ ಬಿಚ್ಚಿ ದಿಬ್ಬದ ಮೇಲಿನ ಹನುಮಪ್ಪನ ಗುಡಿಯ ಕಡೆ ಅಟ್ಟಿದೆವು. ಕಾಳಿನ ಗಡಿಗೆಗಳನ್ನು ಹೊತ್ತೆವು. ದೇವರ ಮಾಡದಿಂದ ಬೆಳ್ಳಿಯ ದೇವಿಯನ್ನು ತೆಗೆದು ಉಡಿಯಲ್ಲಿ ಕಟ್ಟಿಕೊಂಡು ನಾನೂ ದಿಬ್ಬ ಹತ್ತಿದೆ. ಮೇಲೆ ನಿಂತು ತಿರುಗಿ ನೋಡಿದರೆ ದೋಣಿಗಳು ಕಂಡವು.

ನೀರು ಏರಿದ ಹಾಗೆ ದೋಣಿ ಏರಬೇಕು. ಹಗ್ಗ ಅದನ್ನು ಏರಗೊಡುತ್ತಿಲ್ಲ. ಕಂಬದ ಬುಡಕ್ಕೆ ಕಟ್ಟಿದ ಹಗ್ಗ ದೋಣಿಯ ಮೂತಿಯನ್ನು ಹಿಡಿದು ಕೆಳಗೆ ಜಗ್ಗುತ್ತಿತ್ತು, ಹಿಂಬದಿ ಎದ್ದೆದ್ದು ಬೀಳುತ್ತಿತ್ತು. ಮೂತಿಯ ಕಡೆಯಿಂದ ಕೆಂಪು ನೀರು ಒಳಗೆ ಬರತೊಡಗಿತ್ತು. ಹಲಗೆಗಳು ನರಳುವ ಸದ್ದು ದಿಬ್ಬಕ್ಕೂ ಕೇಳುತ್ತಿತ್ತು. ಬೆಂಕಿ ಬಿದ್ದ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಎಮ್ಮೆ ಒದರುವ ಹಾಗೆ.

ನಮ್ಮ ಮನೆಯವರು ಕುಡಗೋಲು ತೆಗೆದುಕೊಂಡರು. "ಹಗ್ಗಾ ಕೊಯ್ದು ಬರ್ತೀನಿ. ಇಲ್ಲಂದ್ರ ದ್ವಾಣಿ ಉಳಿಯಂಗಿಲ್ಲ."

ನಾನು ಅವರ ಕಾಲು ಹಿಡಿದೆ. "ಕೊಯ್ಯಬ್ಯಾಡ್ರಿ. ದ್ವಾಣಿ ಹೋದ್ರ ಹೋಗ್ಲಿ, ನನಗ ನೀವು ಬೇಕು."

"ಖರೇ ಹೇಳತಾಳ ಆಕಿ," ಎಂದರು ಅತ್ತೆ. ನಮ್ಮ ಮನೆಯವರು ಕುಡಗೋಲು ಕೆಳಗಿಟ್ಟರು. ಇವತ್ತು ಹೊಳೆ ಹಾಗೆ ಬಂದರೂ ನಾನು ಅದೇ ಮಾತು ಹೇಳುತ್ತೇನೆ. ಗಂಡನನ್ನೋ ದೋಣಿಯನ್ನೋ ಎಂದರೆ ಯಾವ ಹೆಂಗಸು ದೋಣಿ ಎಂದಾಳು?

ಆಕೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಒಮ್ಮೆ ದಿಬ್ಬದ ಮೇಲೆ ಮೇಯುತ್ತಿದ್ದ ದನಗಳನ್ನು ನೋಡಿದಳು, ಒಮ್ಮೆ ಹೊಳೆಯನ್ನು ನೋಡಿದಳು.

"ಅಕ್ಕಾ, ದನಾ ಎಲ್ಲಾ ಬಿಚ್ಚಿ ಬಿಟ್ಟೀವಿ. ಅದನ್ನ ಒಂದ ಯಾಕ ಕಟ್ಟಿ ಹಾಕಿ ಕೊಲ್ಲಾಕತ್ತೀವಿ?"

"ಅದು ದನಾ ಅಲ್ಲ. ನಿನ್ನ ಗಂಡನ ಆಯುಷ್ಯ."

ಆಕೆಯ ಗಂಡ ಕೆಮ್ಮಿನ ಮನುಷ್ಯ, ಒಣಗಿದ ಕಡ್ಡಿ. ಗುಡಿಯ ಕಟ್ಟೆಗೆ ಒರಗಿ ಕಂಬಳಿ ಹೊದ್ದು ಕುಳಿತಿದ್ದ. ಆಕೆ ಅವನ ಕಡೆ ಬೆರಳು ಮಾಡಿದಳು. "ನನ್ನ ಗಂಡ ಅಲ್ಲಿ ಕುಂತಾನಲ್ಲಕ್ಕಾ. ಅವನ್ನ ಎಲ್ಲಿ ಕಟ್ಟೀನಿ ನಾ?"

ಇಷ್ಟೇ ಅಂದದ್ದು. ಸೀರೆಗೆ ಕಚ್ಚೆ ಹಾಕಿ ಇಳಿದು ಹೋದಳು. ಯಾರಾದರೂ ಹಿಡಿಯುವ ಮೊದಲೇ ನೀರು ಎದೆಯವರೆಗೆ ಬಂದಿತ್ತು. ಕಂಬದ ಬಳಿ ಮುಳುಗಿ ಕೈಯಾಡಿಸಿದಳು. ಕೂಸಿನ ಲಂಗೋಟಿಯಂಥ ಗಂಟು, ಒಂದೇ ಸಲ ಜಗ್ಗಿದ್ದಕ್ಕೆ ಬಿಚ್ಚಿಕೊಂಡಿತು. ದೋಣಿಯ ಮೂತಿ ಮೇಲಕ್ಕೆ ಹಾರಿತು. ಅದು ಅಲ್ಲೇ ಒಂದು ಸುತ್ತು ತಿರುಗಿ, ಹೊಳೆಯ ನಡುವಿಗೆ ಹೋಗಿ, ಕೆಳಗಿನ ತಿರುವಿನಲ್ಲಿ ಕಾಣದಾಯಿತು. ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು.

"ನಿನ್ನ ಕುಂಕಮಾ ನಿನ್ನ ಕೈಲೇ ಒರಿಸಿಕೊಂಡೆಲ್ಲೇ, ಪಾಪಿ!" ಎಂದು ನಮ್ಮ ಅತ್ತೆ ಮಣ್ಣು ತೂರಿದರು.

ಆಕೆ ತೊಪ್ಪೆಯಾಗಿ ಬಂದು ಗಂಡನ ಪಕ್ಕ ಕುಳಿತು ಸೆರಗು ಹಿಂಡಿದಳು.

"ಹೋತೇನು?" ಎಂದ ಆತ.

"ಹೋತು."

"ಚಲೋ ಆತು ತಗೋ. ಭಾಳ ಒದರಾಕತ್ತಿತ್ತು," ಎಂದು ತನ್ನ ಕಂಬಳಿಯ ಅರ್ಧವನ್ನು ಆಕೆಗೆ ಹೊದಿಸಿದ.

ಆಕೆಯ ದೋಣಿ ಹೋದದ್ದಕ್ಕೆ ನನಗೆ ಒಳಗೊಳಗೆ ತಂಪಾಯಿತು. ಇನ್ನು ಓಣಿಯಲ್ಲಿ ಆಕೆಯನ್ನು ಹೊಗಳುವ ಬಾಯಿ ಇರುವುದಿಲ್ಲ ಎಂದುಕೊಂಡೆ. ಆ ಅರ್ಧ ಕಂಬಳಿ ಒಂದು ನನಗೆ ಸರಿ ಬರಲಿಲ್ಲ. ಆಯುಷ್ಯದ ಗಂಟು ಬಿಚ್ಚಿದ ಹೆಂಡತಿಗೆ ಯಾವ ಗಂಡ ಕಂಬಳಿ ಹೊದಿಸುತ್ತಾನೆ? ನನ್ನ ಗಂಡ ಹೊಳೆ ನೋಡುತ್ತ ನಿಂತಿದ್ದರು. ಅವರ ಬೆನ್ನು ಬಿಟ್ಟರೆ ನನಗೆ ಏನೂ ಕಾಣಲಿಲ್ಲ.

ನೀರು ಇಳಿದ ಮೇಲೆ ಕೆಸರಿನಲ್ಲಿ ಕಾಲಿಡುತ್ತ ದಂಡೆಗೆ ಹೋದೆವು. ಕಂಬ ಇತ್ತು. ಕಂಬಕ್ಕೆ ನನ್ನ ಗಂಟು ಇತ್ತು, ಕುಂಕುಮ ಮಾತ್ರ ತೊಳೆದು ಹೋಗಿತ್ತು. ಗಂಟಿಗೆ ಹಗ್ಗ ಇತ್ತು. ಹಗ್ಗದ ತುದಿಗೆ ದೋಣಿಯ ಮೂತಿಯ ಒಂದು ತುಂಡು ಇತ್ತು. ಹೊಳೆಯಲ್ಲಿ ಬಂದ ಯಾವುದೋ ದೊಡ್ಡ ಮರ, ಅಲುಗಾಡದೆ ಮುಳುಗಿ ನಿಂತಿದ್ದ ದೋಣಿಗೆ ಬಡಿದು ಅದನ್ನು ಸೀಳಿಹಾಕಿತ್ತು. ಉಳಿದ ಹಲಗೆಗಳು ಜಾಲಿ ಮುಳ್ಳಿನಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿಬಿದ್ದಿದ್ದವು.

ಅತ್ತೆ ಗಂಟನ್ನು ಮುಟ್ಟಿ ನೋಡಿದರು. "ನೋಡು, ಹೊಳಿಗೂ ಬಿಚ್ಚಾಕ ಆಗಿಲ್ಲ," ಎಂದರು. ಅವರಿಗೆ ಹೆಮ್ಮೆಯಾಗಿತ್ತು. ನಮ್ಮ ಮನೆಯವರು ಕೆಸರಿನಲ್ಲೇ ಕುಳಿತುಬಿಟ್ಟರು.

ಸಂಜೆಯ ಹೊತ್ತಿಗೆ ಕೆಳಗಿನ ಊರಿನ ಕುರಿ ಕಾಯುವವರು ಸುದ್ದಿ ತಂದರು. ಆಕೆಯ ದೋಣಿ ತಿರುವಿನ ಆಚೆ ಯಾರದೋ ಜೋಳದ ಹೊಲದ ಬದುವಿನಲ್ಲಿ ಕುಳಿತಿದೆಯಂತೆ. ಒಂದು ಹಲಗೆಯೂ ಮುರಿದಿಲ್ಲವಂತೆ. ಒಳಗೆ ಎಲ್ಲಿಂದಲೋ ತೇಲಿ ಬಂದ ಒಂದು ಕೋಳಿ ಇತ್ತಂತೆ, ಜೀವಂತ. ಊರವರು ಎತ್ತು ಹೂಡಿಕೊಂಡು ಹೋಗಿ ದೋಣಿಯನ್ನು ದಂಡೆಯಗುಂಟ ಎಳೆದು ತಂದರು. ದಿಬ್ಬದ ಮೇಲೆ ಬಾಯಿ ಬಡಿದುಕೊಂಡ ಹೆಂಗಸರೇ ಮುಂದೆ ಹೋಗಿ ಆರತಿ ಮಾಡಿದರು. ಆಕೆ ಕೋಳಿಯನ್ನು ಬಗಲಲ್ಲಿ ಇಟ್ಟುಕೊಂಡು ನಡೆದು ಬಂದಳು.

ಆಕೆಯ ಗಂಡ ಸಾಯಲಿಲ್ಲ. ನಾನು ನೋಡುತ್ತಲೇ ಇದ್ದೆ. ಅವನಿಗೆ ನೆಗಡಿ ಕೂಡ ಬರಲಿಲ್ಲ. ಹಳೆಯ ಕೆಮ್ಮು ಸಹ ಆ ಚಳಿಗಾಲದಲ್ಲಿ ಕಡಿಮೆಯಾಯಿತು.

ದೇವಿಯ ಮುಂದೆ ಕುಳಿತು ಕೇಳಿದೆ. ಅವ್ವಾ, ನಾನು ಗಂಟು ಕಾಯ್ದೆ, ನನ್ನ ಗಂಡ ಉಳಿದ. ಆಕೆ ಗಂಟು ಬಿಚ್ಚಿದಳು, ಆಕೆಯ ಗಂಡನೂ ಉಳಿದ, ದೋಣಿಯೂ ಉಳಿಯಿತು. ಹಾಗಾದರೆ ನಾನು ದೋಣಿ ಕೊಟ್ಟು ಕೊಂಡದ್ದು ಏನು? ದೀಪಕ್ಕೆ ಎಣ್ಣೆ ಹಾಕಿ ಎದ್ದೆ. ಗಂಡ, ಮಕ್ಕಳು ಕಣ್ಣೆದುರಿಗೆ ಇದ್ದರು. ಗೋಡೆ ಬಿದ್ದರೂ ಒಲೆ ಉಳಿದಿತ್ತು. ಒಡೆದ ದೋಣಿಯ ಹಲಗೆಗಳಿಂದ ಮನೆಗೆ ಗಟ್ಟಿ ಬಾಗಿಲಾಯಿತು. ಆ ಬಾಗಿಲು ಮುಚ್ಚುವಾಗಲೆಲ್ಲ ಇಷ್ಟಾದರೂ ಉಳಿಸಿದೆಯಲ್ಲ ತಾಯಿ ಎಂದು ಕೈ ಮುಗಿದೆ. ಬಾಗಿಲು ತೆರೆದರೆ ಎದುರಿಗೆ ಆಕೆಯ ಮನೆ.

ಹೊಳೆಗೆ ಉಡಿ ತುಂಬುವುದು ಯಾವತ್ತೂ ಹಿರಿಯ ಮನೆಯ ಹಕ್ಕು. ಆ ವರ್ಷ ಹೆಂಗಸರೆಲ್ಲ ಸೇರಿ, "ಈ ಸಲ ಆಕಿ ತುಂಬಲಿ, ಹೊಳಿ ಆಕಿ ಮಾತು ಕೇಳತೈತಿ," ಎಂದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಕುಳಿತೆ. ಆಕೆ ಬಂದು ಬಾಗಿಲು ಬಡಿದಳು.

"ಅಕ್ಕಾ, ಲಗೂ ಬಾ. ಖಣಾ ಹ್ಯಾಂಗ ಮಡಚಬೇಕು, ಯಾವುದು ಮೊದಲು ಹಾಕಬೇಕು, ನನಗೊಂದೂ ತಿಳಿವಲ್ದು."

"ಊರಾನ ಮಂದಿ ನಿನಗ ಹೇಳ್ಯಾರ. ನೀನ ಮಾಡು."

"ನಾ ಮಾಡಿದ್ರ ಎಲ್ಲಾ ಕೂಡಿಸಿ ಒಗೀತೀನಿ ನೋಡು ಮತ್ತ. ಆಮ್ಯಾಲ ನೀನ ಬೈತಿ."

ಹೋದೆ. ಮಡಚಿ ಕೊಟ್ಟೆ. ಹೊಳೆಗೆ ಬಿಟ್ಟದ್ದು ಆಕೆಯ ಕೈ.

ಸುಗ್ಗಿ ಬಂತು. ಇಷ್ಟು ದಿನ ಯಾರೂ ಬಾಯಿ ಬಿಟ್ಟು ಆಡದ ಮಾತು ಗೌಡರ ಕಣದಲ್ಲಿ ಬಂತು. ಊರಿಗೆ ಇರುವುದು ಒಂದೇ ದೋಣಿ. ಹಾಗಾದರೆ ಅಂಬಿಗನ ಕಾಳು ಒಂದೇ ಮನೆಗೆ. ನಮ್ಮ ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ನಾನು ಕಣದ ಬೇಲಿಯ ಹೊರಗೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದೆ. ಹಿರಿಯ ಮನೆಯ ಬುಟ್ಟಿ ಖಾಲಿ ಹೋಗುವುದನ್ನು ಊರು ನೋಡಲಿದೆ ಎಂದು ಅದನ್ನು ಸೆರಗಿನ ಮರೆಗೆ ಎಳೆದುಕೊಂಡೆ. ಆಕೆ ನನ್ನ ಪಕ್ಕದಲ್ಲಿದ್ದಳು. ಅಲ್ಲಿಂದಲೇ ಕೂಗಿ ಮಾತಾಡಿದಳು.

"ಗೌಡ್ರ, ದ್ವಾಣಿಗೆ ಎರಡು ಗಳ ಬೇಕ್ರಿ. ಮುಂದ ಒಬ್ಬರು, ಹಿಂದ ಒಬ್ಬರು. ನಮ್ಮನ್ಯಾಗ ಇರಾಂವ ಒಬ್ಬ, ಅದೂ ಕೆಮ್ಮತಾನ. ಹಿರೇ ಮನಿ ಅಣ್ಣಾ ಬರಲಿಲ್ಲಂದ್ರ ನಿಮ್ಮ ಹತ್ತಿ ಹೊಳ್ಯಾಗ ಹೊಕ್ಕೈತಿ. ಕಾಳು ಎರಡು ಮನಿಗಿ ಹಾಕ್ರಿ."

ಗೌಡರು ಮೀಸೆಯಲ್ಲೇ ನಕ್ಕರು. "ಹೋದ ದ್ವಾಣಿ ತಿರಿಗಿ ಬಂತಂತ ನಿನಗ ಬಾಯಿ ಬಂತೇನು?"

"ದ್ವಾಣಿ ಎಲ್ಲಿ ತಿರಿಗಿ ಬಂತ್ರಿ ಗೌಡ್ರ? ನಿಮ್ಮ ಎತ್ತು ಎಳಕೊಂಡು ಬಂದಾವು. ಬಾಯಿ ಮೊದಲಿಂದೂ ಐತ್ರಿ."

ಕಣವೆಲ್ಲ ನಕ್ಕಿತು. ಗೌಡರೂ ನಕ್ಕರು. ನಮ್ಮ ಬುಟ್ಟಿಗೂ ಕಾಳು ಬಿತ್ತು. ಅದನ್ನು ಹೊತ್ತುಕೊಂಡು ಬರುವಾಗ ಖಾಲಿ ಬುಟ್ಟಿಗಿಂತ ಅದು ಭಾರವಾಗಿತ್ತು, ಕಾಳಿನ ತೂಕ ಬಿಟ್ಟು.

ಅಂದಿನಿಂದ ನಮ್ಮ ಮನೆಯವರು ಆಕೆಯ ದೋಣಿಯಲ್ಲಿ ದೋಣಿ ನೂಕುವ ಮುಂದಿನ ಗಳ ಹಿಡಿದರು. ಜನರನ್ನು ಹತ್ತಿಸಿ ಇಳಿಸಲು ಆಕೆಯೂ ದೋಣಿಯಲ್ಲಿ ಇರುತ್ತಿದ್ದಳು. ಸಂಜೆ ಮನೆಗೆ ಬಂದರೆ ಆಕೆಯದೇ ಕತೆ. ಇವತ್ತು ದೋಣಿಯಲ್ಲಿ ಒಬ್ಬ ವ್ಯಾಪಾರಿ ಹೀಗೆ ಅಂದ, ಅದಕ್ಕೆ ಆಕೆ ಹಾಗೆ ಅಂದಳು. ಅವರು ನಗುತ್ತಿದ್ದರು. ದೋಣಿ ಒಡೆದ ಮೇಲೆ ನಕ್ಕೇ ಇರದ ಮನುಷ್ಯ. ನಗಿಸಿದವಳು ನಾನಲ್ಲ. ನಕ್ಕರಲ್ಲ, ಅದೇ ದೊಡ್ಡದು ಎಂದು ಒಂದು ಮನಸ್ಸು. ನಾನು ಬಡಿಸಿದ ಅನ್ನ ಉಂಡು ಆಕೆಯ ಮಾತಿಗೆ ನಗುತ್ತಾರಲ್ಲ ಎಂದು ಇನ್ನೊಂದು.

ಒಮ್ಮೆ ತಡೆಯದೆ ಕೇಳಿಯೇ ಬಿಟ್ಟೆ. "ನಮ್ಮ ಮ್ಯಾಲ ಕನಿಕರಾ ಏನು ನಿನಗ?"

ಆಕೆ ಪಿಳಿಪಿಳಿ ನೋಡಿದಳು. "ಕನಿಕರಾ ಯಾಕಕ್ಕಾ? ಕಣದಾಗ ಹೇಳಿದ್ನೆಲ್ಲಾ, ಒಬ್ಬರ ಕೈಲೇ ದ್ವಾಣಿ ಹೊಳ್ಳಂಗಿಲ್ಲಂತ. ನೀ ಕೇಳಿಸಿಕೊಂಡಿಲ್ಲೇನ?"

ಕನಿಕರವಾಗಿದ್ದರೆ ಜಗಳ ತೆಗೆಯಬಹುದಿತ್ತು. ಬೈಯಬಹುದಿತ್ತು, ನಿನ್ನ ಕಾಳು ನಿನಗೇ ಇರಲಿ ಎಂದು ಬುಟ್ಟಿ ಬೋರಲು ಹಾಕಬಹುದಿತ್ತು. ಆಕೆ ಅದಕ್ಕೂ ಜಾಗ ಬಿಡಲಿಲ್ಲ.

ಈ ವರ್ಷ ಎಳ್ಳಮಾಸೆ ಕಳೆದ ಮೇಲೆ ಆಕೆಗೆ ಚಳಿಜ್ವರ ಬಂತು. ದಿನಕ್ಕೆ ದಿನ ಇಳಿದಳು. ನಾನು ಗಂಜಿ ಒಯ್ದೆ, ಬೇಡ ಎಂದಳು. ರೊಟ್ಟಿ ಒಯ್ದೆ. ಅದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು.

"ಎಷ್ಟ ತೆಳ್ಳಗ ಐತಿ ಅಕ್ಕಾ. ಆ ಕಡಿ ಬೆಳಕ ಕಾಣತೈತಿ. ನಾ ಹಿಂಗ ಬಡ್ಯಾಕ ಭಾಳ ನೋಡಿದೆ, ಬರಲೇ ಇಲ್ಲ."

ಇಷ್ಟು ವರ್ಷ ಎದುರು ಬಾಗಿಲಲ್ಲಿದ್ದು ಈಗ ಹೇಳುತ್ತಾಳೆ. ಆಕೆಗೂ ನನ್ನ ಮೇಲೆ ಸ್ವಲ್ಪವಾದರೂ ಕಿಚ್ಚು ಇತ್ತೇನೋ ಎಂದು ನಾನು ಆಸೆಯಿಂದ ಆಕೆಯ ಮುಖ ನೋಡಿದೆ. ಹುಡುಕಿದೆ. ಇರಲಿಲ್ಲ. ಸುಮ್ಮನೆ ಮೆಚ್ಚಿಕೊಂಡಿದ್ದಳು. ಅರ್ಧ ರೊಟ್ಟಿ ತಿಂದಳು, ಉಳಿದರ್ಧ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಅದೇ ಕೊನೆಯ ಊಟ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಆಕೆಯ ಗಂಡ ನಮ್ಮ ಕಟ್ಟೆಗೆ ಬಂದು ಕುಳಿತ.

"ಅಕ್ಕಾರ, ದ್ವಾಣಿ ಇನ್ನ ನಿಮ್ಮದ್ರಿ. ಕೈಕಾಲು ನಡಿಯೂತನಕ ಹಿಂದಿನ ಗಳಾ ನಾ ಹಿಡೀತೀನಿ. ನನಗೊಂದು ತುತ್ತು ಹಾಕ್ರಿ ಸಾಕು."

"ಆಕಿ ಹಂಗ ಹೇಳಿದ್ಲೇನು?" ಎಂದು ಕೇಳಿದೆ.

"ಆಕಿ ಏನೂ ಹೇಳಿಲ್ರಿ. ಹೇಳಾಕ ಏನೈತ್ರಿ ಇದರಾಗ?"

ಆಕೆ ಹೇಳಿದ್ದರೆ ಬೇಡ ಎನ್ನಬಹುದಿತ್ತು. ನಮ್ಮ ಮನೆಯವರು ಎದ್ದು ಹೋಗಿ ಆತನ ಹೆಗಲ ಮೇಲೆ ಕೈ ಇಟ್ಟರು. ಹೀಗೆ ಹಿರಿಯ ಮನೆಗೆ ಮತ್ತೆ ದೋಣಿ ಬಂತು. ಎಷ್ಟು ವರ್ಷ ದೀಪ ಹಚ್ಚಿ ಬೇಡಿದ್ದೆನೋ ಅದು ಬಂತು, ಬಂದದ್ದು ಆಕೆಯ ಮನೆಯ ಬಾಗಿಲಿನಿಂದ.

ಬನಶಂಕರಿಗೆ ಕಾಯಿ ಒಡೆಸಿ ಬರೋಣ ಎಂದು ನಮ್ಮ ಮನೆಯವರು ನನ್ನನ್ನು ದೋಣಿಯಲ್ಲಿ ಕೂರಿಸಿದರು. ಅವರು ಮುಂದೆ, ಆತ ಹಿಂದೆ, ನಡುವೆ ನಾನು. ಚಳಿಗಾಲದ ಹೊಳೆ ತೆಳ್ಳಗೆ, ತಿಳಿಯಾಗಿತ್ತು. ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಹಸಿ ಕಡಲೆಗಿಡದ ಕಟ್ಟು ಹಿಡಿದುಕೊಂಡು ಕಾಯುತ್ತಿದ್ದಳು. ದೋಣಿ ದಂಡೆಗೆ ಹತ್ತಿದ ಕೂಡಲೇ ಒಳಗೆ ಇಣುಕಿದಳು, ನನ್ನ ಹಿಂದೆ ನೋಡಿದಳು, ಪಕ್ಕದಲ್ಲಿ ನೋಡಿದಳು.

"ಆಕಿ ಬಂದಿಲ್ಲೇನು? ವರ್ಷಾ ಆಕಿಗಂತ ತರತೀನಿ."

ಗಂಡಸರಿಬ್ಬರೂ ನೀರು ನೋಡತೊಡಗಿದರು. ನಾನೇ ಹೇಳಬೇಕಾಯಿತು. "ಹ್ವಾದ್ಲವಾ ಆಕಿ. ಜ್ವರಾ ಬಂದಿತ್ತು."

ಮುದುಕಿ ಮರಳಿನ ಮೇಲೆ ಕುಳಿತುಬಿಟ್ಟಳು. ಆಮೇಲೆ ಮುಖ ಎತ್ತಿ, "ನೀ ಆಕಿಗೆ ಏನಾಗಬೇಕವಾ?" ಎಂದಳು.

ಈ ದೋಣಿಯ ಯಜಮಾನತಿ ನಾನು ಎನ್ನಬಹುದಿತ್ತು. ಅದು ಸುಳ್ಳಲ್ಲ.

"ಅಕ್ಕ ಆಗಬೇಕು," ಎಂದೆ. "ಆಕಿ ನನಗಿಂತ ಸಣ್ಣಾಕಿ."

ಮುದುಕಿ ಎದ್ದು ಬಂದು ಕಡಲೆಗಿಡದ ಕಟ್ಟನ್ನು ನನ್ನ ಉಡಿಗೆ ಹಾಕಿದಳು. ಗಿಡಕ್ಕೆ ಇನ್ನೂ ಬೆಳಗಿನ ಇಬ್ಬನಿ ಇತ್ತು. ದೋಣಿಯ ಅಂಚಿಗೆ ಕುಳಿತು, ಆಕೆಗೆಂದು ಬಂದದ್ದನ್ನು ಒಂದೊಂದೇ ಕಾಯಿ ಸುಲಿದು ತಿಂದೆ. ನಮ್ಮ ಮನೆಯವರು ನಾಲ್ಕು ಕಾಳಿಗೆ ಕೈ ಚಾಚಿದರು.

ಕೊಡಲಿಲ್ಲ.